ತಂಗಿಯ ಮನೆಗೆ ಹೋದ ಒಲೆ

“ಬಕೆಟ್ಟಲ್ಲಿಟ್ಟ ನೀರು ಬೆಳಗಾಗೋ ಹೊತ್ತಿಗೆ ಕಲ್ಲಾಗಿರುತ್ತೆ ಕಣೇ ಅಕ್ಕ. ಕೋಣೆ ಒಳಗೇ! ಸುತ್ತಿಗೆ ತಗೊಂಡು ಒಡೀಬೇಕು.”

ಬೇಸಿಗೆಯ ರಜೆಗೆ ಊರಿಗೆ ಬಂದಿದ್ದ ತಂಗಿ ಇದನ್ನು ಹೇಳಿದ್ದು ಭದ್ರಾವತಿಯ ನಮ್ಮ ಶೆಡ್ಡಿನಲ್ಲಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ. ಅವಳು ಹಿಮಾಲಯದ ಒಂದು ಕಣಿವೆಯ ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ಹಿಮ ಬಿದ್ದಿತೆಂದರೆ ಅಲ್ಲಿಗೆ ಹೋಗುವ ಘಾಟಿ ರಸ್ತೆ ಮುಚ್ಚಿಹೋಗುತ್ತದೆ, ಮತ್ತೆ ತೆರೆಯುವುದು ಬೇಸಿಗೆಗೇ. ಅಲ್ಲಿಯವರೆಗೆ ಅವಳಿಗಿದ್ದದ್ದು ಆಸ್ಪತ್ರೆಗೆ ಅಂಟಿಕೊಂಡ ಮಣ್ಣಿನ ಮನೆ, ಒಂದು ತಗಡಿನ ಒಲೆ, ಸುಡಲಿಕ್ಕೆ ಒಣಗಿದ ಸೆಗಣಿ. ಸುತ್ತ ಮರವೇ ಇಲ್ಲ. ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ.

ನಮ್ಮ ಶೆಡ್ಡಿನಲ್ಲಿ ಗೇಟು, ಕಿಟಕಿ ಸರಳು, ಟ್ರಂಕುಗಳ ಜೊತೆಗೆ ಬಚ್ಚಲುಮನೆಯ ನೀರು ಕಾಯಿಸುವ ಹೊಟ್ಟಿನ ಒಲೆಗಳನ್ನೂ ಮಾಡುತ್ತಿದ್ದೆವು. ಸಾಮಿಲ್ಲಿನ ಮರದ ಹೊಟ್ಟನ್ನು ಒತ್ತಿ ತುಂಬಿಟ್ಟರೆ ತಾನಾಗಿ ಉರಿಯುವಂಥವು. ತಂಗಿ ಅವುಗಳಲ್ಲೊಂದನ್ನು ಸುತ್ತು ಹಾಕಿ ನೋಡಿದಳು.

“ನನಗೂ ಇಂಥದ್ದು ಮಾಡಿಕೊಡು. ಆದ್ರೆ ಕೋಣೆ ಬೆಚ್ಚಗಿಡಬೇಕು. ನಾನು ನಿದ್ದೆ ಕೆಡಿಸ್ಕೊಂಡು ಎದ್ದೆದ್ದು ಹಾಕೋ ಹಾಗಿರಬಾರದು. ತಾನೇ ತಿನ್ಬೇಕು, ತಾನೇ ಉರೀಬೇಕು.”

“ಮಾಡಿಕೊಡೋಣ ಬಿಡು,” ಅಂದವನು ನನ್ನ ಪಾಲುದಾರ ಗೆಳೆಯ. “ನಮ್ಮ ತಂಗಿ ನಡುಗ್ತಾ ಕೂತಿದ್ರೆ ನಾವಿಬ್ರು ಇದ್ದು ಏನು ಬಂತು?”

ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ತರಗತಿಯಲ್ಲಿ ನಾನೊಬ್ಬಳೇ ಹುಡುಗಿಯಾಗಿದ್ದಾಗ ನನ್ನನ್ನು ಗೇಲಿ ಮಾಡದೆ ಮಾತಾಡಿಸಿದವನು ಅವನು. ಹಾಸ್ಟೆಲ್ ಊಟ ಸೇರದೆ ಜನ್ನಾಪುರದ ನಮ್ಮ ಮನೆಗೆ ಬರುತ್ತಿದ್ದ. ಬರಬರುತ್ತ ಅಮ್ಮ ಅವನ ಪಾಲಿನ ಅಕ್ಕಿಯನ್ನೂ ಸೇರಿಸಿಯೇ ಅನ್ನಕ್ಕಿಡತೊಡಗಿದಳು. ತಂಗಿಗೆ ಅವನು ಅಣ್ಣ. ಅವಳು ನರ್ಸಿಂಗ್ ಓದಲು ಹೊರಟಾಗ ಟ್ರಂಕು ಹೊತ್ತು ರೈಲು ಹತ್ತಿಸಿ ಬಂದವನು ಅವನೇ. ಮದುವೆಯಾಗಿ ಶಿವಮೊಗ್ಗದಲ್ಲಿ ಮನೆ ಮಾಡಿದ ಮೇಲೂ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶೆಡ್ಡಿಗೆ ಬರುತ್ತಿದ್ದ.

ತಾನೇ ತಿನ್ನುವ ಒಲೆಗೆ ಪುಡಿ ಹೊಟ್ಟು ಆಗುವುದಿಲ್ಲ, ಅದು ಜಾರುವುದಿಲ್ಲ, ಗೂಡು ಕಟ್ಟಿ ನಿಂತುಬಿಡುತ್ತದೆ. ಹೊಟ್ಟನ್ನು ಗುಳಿಗೆ ಮಾಡಬೇಕು. ಶಿವಮೊಗ್ಗದಲ್ಲಿ ಪಶು ಆಹಾರ ಮಾಡುವ ಒಂದು ಮಿಲ್ಲಿತ್ತು. ಹಿಂಡಿಯನ್ನು ಗುಳಿಗೆಯಾಗಿ ಒತ್ತಿ ಕೊಡುವ ಅವರ ಯಂತ್ರದಲ್ಲಿ ನಮ್ಮ ಹೊಟ್ಟನ್ನೂ ಒತ್ತಿಕೊಡಿ ಎಂದು ಗೆಳೆಯ ಮಾಲೀಕರನ್ನು ಒಪ್ಪಿಸಿದ. ಮಾತಿನಲ್ಲಿ ಕೆಲಸ ಆಗಬೇಕಾದರೆ ಅವನೇ ಆಗಬೇಕು, ನನ್ನಿಂದಾಗುವುದಿಲ್ಲ.

ಮೊದಲ ಸಲ ಹೊರಬಂದದ್ದು ಬರೀ ಪುಡಿ. ಹೊಟ್ಟು ಒಣಗಿತ್ತು. ಎರಡನೆಯ ಸಲ ನೀರು ಹೆಚ್ಚಾಗಿ ಯಂತ್ರದ ತೂತುಗಳೆಲ್ಲ ಕಟ್ಟಿಕೊಂಡವು, ಮಿಲ್ಲಿನವರು ಮುಖ ಊದಿಸಿಕೊಂಡರು. ಕೊನೆಗೆ ಸ್ವಲ್ಪ ಅಕ್ಕಿ ತೌಡು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಗೆ ಪಸೆ ಅಂಟಬಾರದು, ಅಷ್ಟಕ್ಕೆ ತಂದಾಗ ಬಿಸಿಬಿಸಿಯಾದ, ಹೊಳೆಯುವ ಗುಳಿಗೆಗಳು ಉದುರಿದವು. ಆರಿದ ಮೇಲೆ ಮುರಿದರೆ ಟಕ್ ಎಂದು ಶಬ್ದ.

ಒಲೆಯ ಲೆಕ್ಕ ಸರಳ. ಮೇಲೊಂದು ಹಾಪರ್, ಅಂದರೆ ಗುಳಿಗೆ ತುಂಬುವ ಡಬ್ಬ. ಅದರ ತಳದಿಂದ ಇಳಿಜಾರಾದ ಕೊಳವೆ ಉರಿಯುವ ಜಾಲರಿಗೆ ಬರುತ್ತದೆ. ಕೆಳಗಿನ ಗುಳಿಗೆ ಉರಿದು ಬೂದಿಯಾದಂತೆ ಮೇಲಿನದು ತನ್ನ ಭಾರಕ್ಕೆ ತಾನೇ ಜಾರುತ್ತದೆ. ಮೋಟಾರಿಲ್ಲ, ಕರೆಂಟು ಬೇಡ. ಕೆಳಗೆ ಬೂದಿಯ ಡ್ರಾಯರು, ಹಿಂದೆ ಹೊಗೆ ಪೈಪು.

ಮೊದಲನೆಯ ಒಲೆ ಹಚ್ಚಿದ ದಿನ ನಾವಿಬ್ಬರೂ ಮಕ್ಕಳಂತೆ ಕುಣಿದೆವು. ಗುಳಿಗೆಗಳು ಒಂದೊಂದೇ ಜಾರುವುದನ್ನು ನೋಡುತ್ತ ಕೂತಿದ್ದೆವು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಹಾಪರಿನ ಮುಚ್ಚಳದ ಸಂದಿಯಿಂದ ಹಳದಿ ಹೊಗೆ ಬರುತ್ತಿತ್ತು. ಬೆಂಕಿ ಜಾಲರಿಯಲ್ಲಿ ನಿಲ್ಲದೆ ಕೊಳವೆ ಹಿಡಿದು ಮೇಲೇರಿತ್ತು. ನಾನು ಗಾಬರಿಯಿಂದ ಮುಚ್ಚಳ ತೆಗೆದೆ. ಗಾಳಿ ಸಿಕ್ಕಿದ್ದೇ ತಡ, ಭುಗ್ಗೆಂದು ಆಳೆತ್ತರ ಉರಿ ಎದ್ದಿತು. ನನ್ನ ಹುಬ್ಬು ಸುಟ್ಟಿತು. ಗೆಳೆಯ ಮೂಲೆಯಲ್ಲಿದ್ದ ಮರಳನ್ನು ಬಾಣಲೆಗಟ್ಟಲೆ ಸುರಿದು ಆರಿಸಿದ.

“ಇದು ಒಲೆಯಲ್ಲ ಮಾರಾಯ್ತಿ, ಬಾಂಬು,” ಅಂದ.

ಆ ಮಳೆಗಾಲವೆಲ್ಲ ನಾನು ಎರಡನೆಯ ಒಲೆಯಲ್ಲೇ ಮುಳುಗಿದೆ. ಹಾಪರಿನ ಮುಚ್ಚಳಕ್ಕೆ ಬೆಂಕಿಗೆ ಸುಡದ ಆಸ್ಬೆಸ್ಟಾಸ್ ಹಗ್ಗ ಕೂರಿಸಿ ಗಾಳಿಯಾಡದಂತೆ ಬಿಗಿ ಮಾಡಿದೆ. ಕೊಳವೆಯ ನಡುವೆ ತಳ್ಳಿ ಮುಚ್ಚುವ, ಮರದ ಹಿಡಿಯ ಒಂದು ತಡೆ ತಗಡು ಇಟ್ಟೆ. ಏನೇ ಆದರೂ ಅದನ್ನು ತಳ್ಳಿದರೆ ಮೇಲಿನ ಗುಳಿಗೆಗೂ ಕೆಳಗಿನ ಬೆಂಕಿಗೂ ಸಂಬಂಧ ಕಡಿದುಹೋಗಬೇಕು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಇಲ್ಲಿ ಸಾಕಾಗುವ ತೂತು ಅಲ್ಲಿ ಸಾಲದು. ಅದಕ್ಕೆ ಜಾಲರಿಯ ಸುತ್ತ ಇನ್ನೊಂದು ಸಾಲು ತೂತಿನ ಬಳೆ ಕೂರಿಸಿದೆ. ಇವೆಲ್ಲವನ್ನೂ ಮೊದಲನೆಯ ಒಲೆಯ ಅಳತೆಗೇ, ಬೋಲ್ಟು ಹಾಕಿಯೇ ಕೂರಿಸಿದ್ದೆ, ಕೆಟ್ಟರೆ ಅಲ್ಲಿಯೇ ಬಿಚ್ಚಿ ಬದಲಿಸಲಿ ಎಂದು.

ಉಳಿದದ್ದು ಚಳಿ. ಭದ್ರಾವತಿಯಲ್ಲಿ ಅಂಥ ಚಳಿ ಎಲ್ಲಿಂದ ತರುವುದು? ಶಿವಮೊಗ್ಗದ ಐಸ್ ಫ್ಯಾಕ್ಟರಿಯಿಂದ ಹೊಟ್ಟು ಸುತ್ತಿದ ಗಡ್ಡೆಗಳನ್ನು ಲಗೇಜ್ ಆಟೋದಲ್ಲಿ ತಂದೆವು. ಹೊಗೆ ಪೈಪಿನ ಸುತ್ತ ಡ್ರಮ್ಮು ನಿಲ್ಲಿಸಿ, ಐಸು ಉಪ್ಪು ಬೆರೆಸಿ ತುಂಬಿ, ಒಲೆ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಪೈಪಿನೊಳಗಿನ ಹಬೆಯೆಲ್ಲ ನೀರಾಗಿ ವಾಪಸ್ಸು ಸುರಿದು ಜಾಲರಿಯ ಬೆಂಕಿ ಸೊಂಯ್ ಎಂದು ಸತ್ತಿತು. ಅಲ್ಲಿ ಅದು ನೀರಾಗಿಯೂ ಉಳಿಯುವುದಿಲ್ಲ, ಪೈಪಿನೊಳಗೇ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಪೈಪಿನ ಮೇಲೆ ಇನ್ನೊಂದು ದಪ್ಪ ಪೈಪು ತೊಡಿಸಿ ನಡುವೆ ಬೂದಿ ತುಂಬಿದ ಮೇಲೆ ನೀರು ನಿಂತಿತು. ಐಸಿನ ನಡುವೆ ನಿಂತೂ ಒಲೆ ಬಿಳಿ ಹಳದಿ ಉರಿಯಲ್ಲಿ ಸದ್ದಿಲ್ಲದೆ ಉರಿಯಿತು. ನಾನು ಹಾಪರಿನ ಮುಚ್ಚಳಕ್ಕೆ ಕೆನ್ನೆ ತಾಗಿಸಿದೆ. ತಣ್ಣಗಿತ್ತು, ಬೆಂಕಿ ಮೇಲೇರಿರಲಿಲ್ಲ.

ಕಳಿಸುವ ಹೊತ್ತಿಗೆ ಅಮ್ಮನ ಕಣ್ಣಿನ ಆಪರೇಷನ್ ಬಂತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾನು ಅವಳ ಜೊತೆಗಿರಬೇಕಾಯಿತು.

“ನೀನು ಅಮ್ಮನ್ನ ನೋಡ್ಕೋ. ಕಳಿಸೋದು ನನಗೆ ಬಿಡು,” ಅಂದ ಗೆಳೆಯ. ಲಾರಿ ಹೊರಟ ದಿನ ಆಸ್ಪತ್ರೆಗೆ ಬಂದು, ಅಮ್ಮನಿಗೆ ಮೂಸಂಬಿ ಸುಲಿದು ಕೊಡುತ್ತ ವರದಿ ಒಪ್ಪಿಸಿದ. “ಕೈಯಾರೆ ಪ್ಯಾಕ್ ಮಾಡಿದೀನಮ್ಮ. ಒಂದು ಗೀರು ಬೀಳಲ್ಲ.” ನನ್ನ ಕಡೆ ತಿರುಗಿ, “ಆ ಮೊದಲ್ನೇ ಒಲೇನ ಗುಜರಿಗೆ ಹಾಕಿದೆ. ಕಣ್ಣೆದುರು ಇರೋದೇ ಬೇಡ,” ಅಂದ. ನನಗೂ ಹಾಗೇ ಅನ್ನಿಸಿತ್ತು.

ಘಾಟಿ ಮುಚ್ಚುವ ಮೊದಲೇ ಒಲೆಯೂ ಗುಳಿಗೆಯ ಮೂಟೆಗಳೂ ತಲುಪಿದವು. ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಅಲ್ಲಿನ ಫೋನು ಹಾಗೆಯೇ.

ಒಂದು ಮಧ್ಯಾಹ್ನ ಶೆಡ್ಡಿನ ಫೋನು ಬಡಿದುಕೊಂಡಿತು. ಗೆಳೆಯ ಶಿವಮೊಗ್ಗದಲ್ಲಿ ಯಾರೋ ಬರುತ್ತಾರೆಂದು ಆ ದಿನ ಬಂದಿರಲಿಲ್ಲ. ಆ ಕಡೆಯಿಂದ ಕೆಮ್ಮು, ಆಮೇಲೆ ತಂಗಿಯ ದನಿ.

“ಅಕ್ಕ, ಮನೆ ತುಂಬ ಹೊಗೆ. ಹಾಪರ್ ಸಂದಿಯಿಂದ ಬರ್ತಿದೆ.”

“ಮುಚ್ಚಳ ತೆಗೀಬೇಡ! ಏನೇ ಆದ್ರೂ ತೆಗೀಬೇಡ. ಮನೇಲಿ ಯಾರಿದಾರೆ?”

“ಒಬ್ಬಳು ಬಾಣಂತಿ ಇದಾಳೆ, ಎಳೆ ಮಗು. ಆಸ್ಪತ್ರೆ ಕೋಣೆ ಹೆಪ್ಪುಗಟ್ಟಿ ಹೋಗಿದೆ, ಅದಕ್ಕೆ ನನ್ನ ಜೊತೆ ಮಲಗಿಸ್ಕೊಂಡಿದ್ದೆ. ಬೆಳಗ್ಗಿಂದ ಅವಳಿಗೆ ತಲೆನೋವು. ನನಗೂ.”

ಹೊಗೆಗಿಂತ ಹೊಗೆಯ ಜೊತೆ ಬರುವ ಕಾಣದ ವಿಷ ದೊಡ್ಡದು. ಹೊರಗೆ ಒಯ್ದರೆ ಚಳಿ ಮಗುವನ್ನು ಕೊಲ್ಲುತ್ತದೆ, ಒಳಗಿದ್ದರೆ ಹೊಗೆ.

“ಪಕ್ಕದ ಮನೆಗೆ ಕಳಿಸು ಅವರನ್ನ. ಕಂಬಳಿ ಸುತ್ತಿ ಈಗ್ಲೇ. ಬಾಗಿಲು ಕಿಟಕಿ ತೆಗಿ. ಆಮೇಲೆ ಫೋನಿಗೆ ಬಾ.”

ಫೋನು ಇದ್ದದ್ದು ಆಸ್ಪತ್ರೆಯ ಕಚೇರಿಯಲ್ಲಿ, ಮನೆಗೂ ಅದಕ್ಕೂ ನಡುವೆ ಒಂದು ಬಾಗಿಲು. ರಿಸೀವರನ್ನು ಮೇಜಿನ ಮೇಲಿಟ್ಟು ಹೋದಳು. ಯಾರನ್ನೋ ಕೂಗಿದ್ದು, ಓಡಾಡಿದ್ದು, ಮಗು ಅತ್ತದ್ದು ಕೇಳಿಸಿತು. ಆಮೇಲೆ ಬರೀ ಗಾಳಿಯ ಸದ್ದು. ಲೈನು ಕಡಿದುಹೋಗದಿರಲಿ ಎಂದು ನಾನು ರಿಸೀವರನ್ನು ಕಿವಿಗೊತ್ತಿಕೊಂಡು ಕೂತೆ.

“ಹೋದ್ರು ಅಕ್ಕ. ಹೇಳು.”

“ಕೊಳವೆ ಮಧ್ಯೆ ಒಂದು ಹಿಡಿ ಇದೆಯಲ್ಲ, ಅದನ್ನ ಒಳಗೆ ತಳ್ಳು.”

ಹೋಗಿ ಬಂದಳು. “ಹಿಡಿ ಯಾವುದೂ ಇಲ್ಲ.”

“ಬಲಗಡೆ. ಮರದ ಹಿಡಿ.”

“ಇಲ್ಲ ಕಣೇ. ಕೊಳವೆ ನುಣ್ಣಗಿದೆ.”

“ಪೈಪು ನೋಡು. ಎರಡು ಪದರ ತಾನೇ?”

“ಒಂದೇ ಪೈಪು.”

“ಜಾಲರಿ ಸುತ್ತ ಬಳೆ?”

“ಬಳೆ ಅಂದ್ರೆ?”

ಮೊದಲನೆಯ ಒಲೆ ಮಾಡುವಾಗ ಹಾಪರಿನ ಎಡಗಡೆ ನಾನು ತಪ್ಪಿ ಒಂದು ತೂತು ಕೊರೆದು, ವೆಲ್ಡಿಂಗ್ ಮಾಡಿ ಮುಚ್ಚಿದ್ದೆ. ನಾಣ್ಯದಷ್ಟಗಲದ ಗಂಟು ಉಳಿದಿತ್ತು.

“ಹಾಪರಿನ ಎಡಗಡೆ ಪಕ್ಕೆ ಮುಟ್ಟಿ ನೋಡು. ಸುಡುತ್ತೆ, ಬಟ್ಟೆ ಹಿಡ್ಕೋ. ಪೇಂಟಿನ ಕೆಳಗೆ ಏನಾದ್ರೂ ಉಬ್ಬಿದೆಯಾ?”

ಈ ಸಲ ಬೇಗ ಬಂದಳು. “ಇದೆ. ನಾಣ್ಯದ ಹಾಗೆ. ಹೊಸ ಪೇಂಟು ಹೊಡೆದಿದಾರೆ ಮೇಲೆ. ಯಾಕೆ?”

“ಲಾರಿಗೆ ಹಾಕೋವಾಗ ಅದಲುಬದಲಾಗಿರಬೇಕು,” ಅಂದೆ. ಗುಜರಿಗೆ ಹೋದ ಒಲೆ ಹೊಸ ಪೇಂಟು ಬಳಿದುಕೊಂಡು ಲಾರಿ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆಗ ಅದನ್ನು ಯೋಚಿಸಲು ಹೊತ್ತಿರಲಿಲ್ಲ.

ಕೆಳಗಿನ ಬೂದಿ ಡ್ರಾಯರನ್ನು ಬಿಗಿಯಾಗಿ ಮುಚ್ಚಿಸಿದೆ. ಮುಚ್ಚಳದ ಸಂದಿಗೆಲ್ಲ ಬೂದಿ ಕಲಸಿ ಮೆತ್ತಿಸಿದೆ. ಗಾಳಿಯಿಲ್ಲದೆ ಬೆಂಕಿ ಉಸಿರುಗಟ್ಟಿ ಸಾಯಲಿ ಎಂದು. ಲೈನು ಕಡಿಯಿತು. ಮತ್ತೆ ಸಿಕ್ಕಿದ್ದು ಸಂಜೆಯ ಹೊತ್ತಿಗೆ. ಒಲೆ ಆರಿತ್ತು, ಮನೆಯೊಳಗೆ ಆಗಲೇ ನೆಲದ ಮೇಲೆ ಚೆಲ್ಲಿದ್ದ ನೀರು ಹೆಪ್ಪಾಗಿತ್ತು. ಪಕ್ಕದ ಮನೆಯಲ್ಲಿ ಕೆಮ್ಮುವ ಮುದುಕರಿದ್ದರು, ಎಳೆಗೂಸನ್ನು ಬಹಳ ಹೊತ್ತು ಅಲ್ಲಿಡುವಂತಿರಲಿಲ್ಲ. ಹಳೆಯ ತಗಡಿನ ಒಲೆಯನ್ನು ಹೊಸದು ಬಂದಾಗಲೇ ಬೇರೆಯವರಿಗೆ ಕೊಟ್ಟಾಗಿತ್ತು, ಈ ಒಲೆಯೇ ಮತ್ತೆ ಹೊತ್ತಬೇಕು.

ಹಾಪರು ತುಂಬಿಸಿದರೆ ಬೆಂಕಿ ಮತ್ತೆ ಮೇಲೇರುತ್ತದೆ. ನಾನು ಮಳೆಗಾಲವೆಲ್ಲ ಬೆವರು ಹರಿಸಿದ್ದೇ ಆ ತಾನೇ ತಿನ್ನುವ ಗುಣಕ್ಕಾಗಿ, ಅವಳು ಬೇಡಿದ್ದೂ ಅದನ್ನೇ.

“ಹಾಪರ್ ಮರೆತುಬಿಡು,” ಅಂದೆ. “ಪೂರ್ತಿ ಖಾಲಿ ಮಾಡು. ಕೊಳವೆ ಬಾಯಿಗೆ ತಗಡು ಇಟ್ಟು ಮಣ್ಣು ಮೆತ್ತು. ಇನ್ಮೇಲೆ ಒಲೆಯ ಮುಂದಿನ ಬಾಗಿಲಿಂದ ಗುಳಿಗೆ ಸೌಟಲ್ಲಿ ಹಾಕು. ಒಂದೇ ಸೌಟು. ಅದು ಕೆಂಡ ಆದ್ಮೇಲೆ ಇನ್ನೊಂದು.”

“ಮಲಗೋದು ಯಾವಾಗ?”

“ಸರದಿ ಹಾಕ್ಕೊಳ್ಳಿ,” ಅಂದೆ.

ಪೈಪನ್ನು ಹೊರಗಿನಿಂದ ಕೋಲಿನಲ್ಲಿ ತಟ್ಟಿಸಿದೆ. ತೋಳಿನಷ್ಟು ದಪ್ಪದ ಕರಿ ಐಸು ಜಾರಿ ಬಿತ್ತಂತೆ. ಸೀಮೆಎಣ್ಣೆ ಡಬ್ಬಗಳ ಎರಡೂ ಕಡೆ ಕತ್ತರಿಸಿ ಪೈಪಿಗೆ ತೊಡಿಸಿ ನಡುವೆ ಬೂದಿ ತುಂಬಲು ಹೇಳಿದೆ. ಗಾಳಿ ಸಾಲದ್ದಕ್ಕೆ ಬೂದಿ ಡ್ರಾಯರನ್ನು ಒಂದು ಬೆರಳಷ್ಟು ಹೊರಗೆ ಎಳೆಸಿದೆ.

“ಉರಿ ಯಾವ ಬಣ್ಣ?”

“ಕೆಂಪು. ತುದೀಲಿ ಕಪ್ಪು.”

“ಇನ್ನರ್ಧ ಬೆರಳು ಎಳಿ. ಈಗ?”

“ಹಳದಿ… ಬೆಳ್ಳಗಾಗ್ತಿದೆ ಅಕ್ಕ. ಹೊಗೆ ಮೇಲೆ ಹೋಗ್ತಿದೆ.”

“ಅಷ್ಟೇ ಇರಲಿ. ಕಿಟಕಿ ಒಂದು ಸಂದಿ ಮಾತ್ರ ಯಾವತ್ತೂ ಮುಚ್ಚಬೇಡ.”

ಮರುದಿನ ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಪರವಾಗಿ ನಾನೇ ವಾದ ಹುಡುಕುತ್ತಿದ್ದೆ. ಗುಜರಿಯವನು ಮೋಸ ಮಾಡಿರಬಹುದು, ಲಾರಿಯವರು ತಪ್ಪು ಮಾಡಿರಬಹುದು. ಅವನ ಮನೆಯ ಬಾಗಿಲಲ್ಲಿ ಎರಡು ಜೊತೆ ಹೊಳೆಯುವ ಬೂಟುಗಳಿದ್ದವು. ಹಾಲಿನ ನಟ್ಟನಡುವೆ, ಫ್ಯಾನಿನ ಕೆಳಗೆ, ನನ್ನ ಎರಡನೆಯ ಒಲೆ ನಿಂತಿತ್ತು.

ಉತ್ತರದ ಕಡೆಯ ಇಬ್ಬರು ವ್ಯಾಪಾರಸ್ಥರು ಸೋಫಾದಲ್ಲಿದ್ದರು. ಗೆಳೆಯ ತಡೆ ತಗಡನ್ನು ಸೇದಿ ತಳ್ಳಿ ತೋರಿಸುತ್ತ ಹಿಂದಿಯಲ್ಲಿ ಹೇಳುತ್ತಿದ್ದ, “ಐಸು ಸುತ್ತಿ ಪರೀಕ್ಷೆ ಮಾಡಿದೆ. ಆಗ ನನಗೆ ಈ ಎರಡು ಪದರದ ಪೈಪು ಹೊಳೀತು.” ನನ್ನನ್ನು ಕಂಡು ಒಂದು ಗಳಿಗೆ ನಿಂತು, ನಕ್ಕು, ಅವರಿಗೆ ಪರಿಚಯಿಸಿದ. “ಇವರು ನಮ್ಮ ಶೆಡ್ಡಲ್ಲಿ ಕೆಲಸ ನೋಡ್ಕೋತಾರೆ.”

ನಾನು ಅವನನ್ನು ಹಿತ್ತಲಿಗೆ ಕರೆದೆ.

“ತಂಗಿ ಫೋನ್ ಮಾಡಿದ್ಲು. ಹಾಪರಿಗೆ ಬೆಂಕಿ ಹತ್ತಿತ್ತು.”

ಅವನ ಮುಖದಲ್ಲಿ ಆಶ್ಚರ್ಯಕ್ಕಾಗಿ ಹುಡುಕಿದೆ. ಭಯ ಇತ್ತು, ಆಶ್ಚರ್ಯ ಇರಲಿಲ್ಲ.

“ಯಾರಿಗೂ ಏನೂ ಆಗಿಲ್ಲ ತಾನೇ?”

“ಬಾಂಬು ಅಂದವನು ನೀನೇ ಅಲ್ವೇನೋ.”

“ಮುಚ್ಚಳ ರಿಪೇರಿ ಮಾಡೇ ಕಳಿಸಿದ್ದೆ ಮಾರಾಯ್ತಿ.” ದನಿ ತಗ್ಗಿಸಿದ. “ನೋಡು, ಇದನ್ನ ಅಲ್ಲಿಗೆ ಕಳಿಸಿದ್ರೆ ಒಂದು ಮನೆ ಬೆಚ್ಚಗಾಗ್ತಿತ್ತು, ಅಷ್ಟೇ. ಇವರ ಕೈಗೆ ಹೋದ್ರೆ ಬೆಟ್ಟದೂರುಗಳಲ್ಲಿ ಮನೆ ಮನೆಗೂ ಹೋಗುತ್ತೆ. ಘಾಟಿ ಮುಚ್ಚೋದ್ರೊಳಗೆ ಇನ್ನೊಂದು ಮಾಡೋಕೆ ಟೈಮೆಲ್ಲಿತ್ತು? ನಿನಗೆ ಹೇಳಿದ್ರೆ ಒಪ್ತಿರಲಿಲ್ಲ.”

“ಒಪ್ತಿರಲಿಲ್ಲ.”

“ಅದಕ್ಕೇ ಹೇಳ್ಲಿಲ್ಲ.”

“ಅವಳ ಮನೆಗೆ ಹೋಗುತ್ತೆ ಅಂತ ಗೊತ್ತಿದ್ದೂ…”

“ಅವಳು ಜಾಣೆ. ಹೇಗಾದ್ರೂ ಸಂಭಾಳಿಸ್ತಾಳೆ ಅಂತ ನನಗೆ ಗೊತ್ತಿತ್ತು.”

ಅವನು ಇಲ್ಲ, ಗೊತ್ತಿಲ್ಲ, ತಪ್ಪಾಯಿತು ಎಂದಿದ್ದರೆ ನನ್ನ ಸಿಟ್ಟು ಏನಾಗುತ್ತಿತ್ತೋ ತಿಳಿಯದು. ನಮ್ಮ ಮೇಲಿನ ನಂಬಿಕೆಯನ್ನೇ ಅವನು ನೆಪ ಮಾಡಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ನಾನು ಒಳಗೆ ನಡೆದೆ. ಅವನ ಸ್ಪ್ಯಾನರುಗಳು ಎಲ್ಲಿರುತ್ತವೆಂದು ನನಗೆ ಗೊತ್ತು. ಒಲೆಯ ಮುಂದೆ ನೆಲದ ಮೇಲೆ ಕೂತು ಬೋಲ್ಟು ಬಿಚ್ಚತೊಡಗಿದೆ. ಮೊದಲು ಕೊಳವೆ, ತಡೆ ತಗಡಿನ ಸಮೇತ. ಆಮೇಲೆ ಮುಚ್ಚಳ. ಆಮೇಲೆ ಬಳೆ.

“ಇವತ್ತೊಂದು ದಿನ ಬಿಡು,” ಅವನು ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿದ. “ನಾಳೆ ನಾನೇ ಬಿಚ್ಚಿ ಕಳಿಸ್ತೀನಿ. ನನಗೆ ಬಿಡು.”

ನಾನು ಮುಂದಿನ ಬೋಲ್ಟಿಗೆ ಸ್ಪ್ಯಾನರು ಹಾಕಿದೆ.

ವ್ಯಾಪಾರಸ್ಥರಲ್ಲಿ ಹಿರಿಯರಾದವರು ಕೇಳಿದರು, “ಏನು ಮಾಡ್ತಿದೀರಮ್ಮ?”

“ಇವು ಬೇರೆಯವರ ಮನೆಗೆ ಹೋಗಬೇಕಾದವು, ಸರ್,” ಹಿಂದಿಯಲ್ಲೇ ಹೇಳಿದೆ. “ಅಲ್ಲಿ ಒಂದು ಎಳೆ ಮಗು ಇದೆ.”

ಅವರು ಗೆಳೆಯನ ಮುಖ ನೋಡಿದರು. ಅವನು ಕಿಟಕಿಯ ಕಡೆ ತಿರುಗಿದ. ಅವನ ಹೆಂಡತಿ ಏನೂ ಅರ್ಥವಾಗದೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಬಿಚ್ಚಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ನಾನೇ ಹೊತ್ತು ಆಟೋಗೆ ಹಾಕಿದೆ. ಅದು ಭಾರವಾಗಿತ್ತು. ಅಷ್ಟು ವರ್ಷಗಳಲ್ಲಿ ನಾನು ಭಾರ ಎತ್ತುವುದನ್ನು ನೋಡುತ್ತ ಅವನು ಸುಮ್ಮನೆ ನಿಂತದ್ದು ಅದೇ ಮೊದಲು.

ಚಳಿಗಾಲದಲ್ಲಿ ಆ ಕಣಿವೆಗೆ ಹೋಗುವುದು ಹೆಲಿಕಾಪ್ಟರ್ ಒಂದೇ, ಅದೂ ಮೋಡವಿಲ್ಲದ ದಿನ, ರೋಗಿಗಳಿಗೂ ಔಷಧಿಗೂ ಜಾಗ ಮಿಕ್ಕರೆ. ಪಾರ್ಸೆಲ್ಲು ತಪ್ಪಲಿನ ಊರಿನಲ್ಲಿ ಬಹಳ ಕಾಲ ಬಿದ್ದಿತ್ತು. ಅಷ್ಟೂ ದಿನ ತಂಗಿಯೂ ಬಾಣಂತಿಯ ಅತ್ತೆಯೂ ಸೌಟು ಹಿಡಿದು ಸರದಿಯಲ್ಲಿ ಕೂತರು. ಲೈನು ಸಿಕ್ಕಾಗಲೆಲ್ಲ ನಾನು ಉರಿಯ ಬಣ್ಣ ಕೇಳುತ್ತಿದ್ದೆ, ತಲೆನೋವು ಕೇಳುತ್ತಿದ್ದೆ. ಜಾಲರಿಗೆ ಅಂಟಿದ ಬೂದಿಯ ಗಟ್ಟಿಯನ್ನು ಕೊಕ್ಕೆಯಲ್ಲಿ ಕೀಳುವುದನ್ನು ಹೇಳಿಕೊಟ್ಟೆ. ಗೆಳೆಯ ಶೆಡ್ಡಿಗೆ ಮತ್ತೆ ಬರಲಿಲ್ಲ. ಒಲೆಯ ನಕ್ಷೆಯನ್ನು ಅವನು ಮೊದಲೇ ಅವರಿಗೆ ಕೊಟ್ಟಾಗಿತ್ತು ಎಂಬುದು ಆಮೇಲೆ ತಿಳಿಯಿತು. ಅದರಂತೆ ಒಲೆಗಳು ತಯಾರಾದವು, ಮಾರಾಟವೂ ಆದವು. ಕೆಲವು ಮನೆಗಳು ಬೆಚ್ಚಗಾಗಿಯೂ ಇರಬೇಕು. ಅದನ್ನು ನೆನೆದರೆ ಸಮಾಧಾನವಾಗಬೇಕು, ಆಗುವುದಿಲ್ಲ.

ಪಾರ್ಸೆಲ್ಲು ತಲುಪಿತು ಎಂಬ ಫೋನು ಬಂದದ್ದು ಮನೆಗೆ. ಕೊಳವೆ ಬದಲಿಸಿ, ಬಳೆ ಕೂರಿಸಿ, ಮುಚ್ಚಳ ಬಿಗಿದು ಹಚ್ಚಿದ್ದರಂತೆ.

“ಅಕ್ಕ, ಮಗು ಬೆವರ್ತಿದೆ ಕಣೇ! ಕುಲಾವಿ ತೆಗೆದ್ವಿ. ನಾನು ಬೆಳಗಾಗೋವರೆಗೂ ಒಂದೇ ನಿದ್ದೆ ಮಾಡಿದೆ.” ನಗುತ್ತಿದ್ದಳು. “ಅಣ್ಣನಿಗೂ ಹೇಳು. ಪಾಪ, ಅದಲುಬದಲಾಯ್ತು ಅಂತ ಎಷ್ಟು ಬೇಜಾರು ಮಾಡ್ಕೊಂಡಿದಾನೋ.”

ನಾನು ಹೇಳದೆ ಇರಬಹುದಿತ್ತು. ಆದರೆ ಆ ಹೊಗೆ ಕುಡಿದವಳು ಅವಳು.

“ಅದಲುಬದಲಾಗಿದ್ದಲ್ಲ,” ಅಂದೆ. ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದೆ.

ಆ ಕಡೆ ಅವಳು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

“ಅದು ನನ್ನ ಮನೆಗೆ ಬರುತ್ತೆ ಅಂತ ಅವನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಹಿಂದೆ ಎಲ್ಲೋ ಮಗು ಎದ್ದು ಅಳತೊಡಗಿತು.

“ಅಮ್ಮನಿಗೆ ಹೇಳ್ಬೇಡ,” ಅಂದಳು. “ಇಡ್ತೀನಿ.”

ರಿಸೀವರ್ ಇಟ್ಟು ತಿರುಗಿದಾಗ ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ಏನಂತೆ?”

“ಮನೆ ಬೆಚ್ಚಗಿದೆಯಂತೆ,” ಅಂದೆ.